ಸೈಟಿನ ಫೋಟೊ ಸ್ಟೇಟಸ್‌ಗೆ ಹಾಕೋ ಮುಂಚೆ: ಲೈಸೆನ್ಸ್ ಇಲ್ಲದವರು ಏನು ಮಾಡಬಹುದು, ಏನು ಮಾಡಬಾರದು

ರೈತ ಮಿತ್ರರೇ, ಈ ವಾರ ಬೆಳೆ ಬಿಟ್ಟು ಬೆಳೆ ಬೆಳೆಯೋ ಭೂಮಿಯ ಮಾತು. ಅದರಲ್ಲೂ ಭೂಮಿ ಮಾರಿಸೋ ಮಾತು.

ಗೋವಿನಜೋಳ ಕೊಯ್ದು ಮುಗಿದು ಕೈ ಸ್ವಲ್ಪ ಖಾಲಿ ಇರೋ ಹೊತ್ತಿಗೆ ನಿಮಗೊಂದು ಫೋನ್ ಬರುತ್ತೆ ಅಂದ್ಕೊಳ್ಳಿ. "ತಮ್ಮಾ, ರಟ್ಟೀಹಳ್ಳ್ಯಾಗ ನಿನಗ ಎಲ್ಲಾರೂ ಗೊತ್ತು. ದಾವಣಗೆರಿ ಹತ್ರ ನಮ್ಮದೊಂದು ಲೇಔಟ್ ಐತಿ. ಫೋಟೊ ಕಳಸ್ತೀನಿ, ಸ್ಟೇಟಸ್‌ಗೆ ಹಾಕು ಸಾಕು. ಒಂದು ಸೈಟ್ ಹೋದ್ರ ನಿನಗಿಷ್ಟು ಅಂತ ಕೊಡ್ತೀನಿ. ಬಂಡವಾಳ ಇಲ್ಲ, ಏನಿಲ್ಲ." ಕೇಳೋಕೆ ಚೆನ್ನಾಗಿದೆ. ಒಂದು ಎಕರೆ ಗೋವಿನಜೋಳದಲ್ಲಿ ಗೊಬ್ಬರ, ಬೀಜ, ಕೂಲಿ ಎಲ್ಲ ಕಳೆದು ಉಳಿಯೋದು ಎಷ್ಟು ಅಂತ ನಿಮಗೇ ಗೊತ್ತು. ಹಂಗಾಗಿ "ಹೂಂ" ಅನ್ನೋಕೆ ಬಹಳ ಹೊತ್ತು ಬೇಕಾಗಲ್ಲ.

ಹೂಂ ಅನ್ನೋದಕ್ಕೆ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಆ ಮಾತಿಗೆ ಒಪ್ಪಿ ಫೋಟೊ ಹಾಕಿದ ಕ್ಷಣದಲ್ಲಿ, ಕಾನೂನಿನ ಕಣ್ಣಿಗೆ ನೀವು "ಸಹಾಯ ಮಾಡಿದ ಹುಡುಗ" ಆಗಿ ಕಾಣಲ್ಲ. ಏಜೆಂಟ್ ಆಗಿ ಕಾಣ್ತೀರಿ.

ಪರಿಚಯ ಮಾಡಿಸಿದರೂ ಏಜೆಂಟೇ

ರೇರಾ ಅನ್ನೋ ಹೆಸರು ಕೇಳಿರ್ತೀರಿ. 2016ರಲ್ಲಿ ಕೇಂದ್ರ ಸರ್ಕಾರ ಮಾಡಿದ ರಿಯಲ್ ಎಸ್ಟೇಟ್ ಕಾನೂನು ಅದು. 2017ರ ಮೇ 1ರಿಂದ ಪೂರ್ತಿ ಜಾರಿಗೆ ಬಂತು. ಕರ್ನಾಟಕದ ನಿಯಮಗಳೂ ಅದೇ ವರ್ಷ ಬಂದವು, ಅದನ್ನು ನೋಡ್ಕೊಳ್ಳೋ ಪ್ರಾಧಿಕಾರ ಬೆಂಗಳೂರಿನಲ್ಲಿದೆ. ಬಹಳ ಜನ ಇದು ಬಿಲ್ಡರ್‌ಗಳಿಗೆ ಮಾತ್ರ ಅಂದ್ಕೊಂಡಿದ್ದಾರೆ. ಅದರಲ್ಲಿ ಏಜೆಂಟ್ ಅಂದ್ರೆ ಯಾರು ಅನ್ನೋ ಮಾತನ್ನು ಬಹಳ ಅಗಲವಾಗಿ ಬರೆದಿದ್ದಾರೆ. ಯೋಜನೆಯ ಸೈಟು ಅಥವಾ ಮನೆ ಮಾರಾಟದಲ್ಲಿ ಒಬ್ಬರ ಪರವಾಗಿ ಮಾತಾಡಿ, ಅದಕ್ಕೆ ಕಮಿಷನ್ ಅಂತಲೋ ಬೇರೆ ಹೆಸರಿನಲ್ಲೋ ದುಡ್ಡು ಪಡೆಯೋರು ಏಜೆಂಟ್. ಕೊಳ್ಳೋರನ್ನೂ ಮಾರೋರನ್ನೂ ಮಾತುಕತೆಗಾಗಿ ಯಾವುದೇ ಮಾಧ್ಯಮದ ಮೂಲಕ ಪರಿಚಯ ಮಾಡಿಸೋರೂ ಏಜೆಂಟೇ. ದಲ್ಲಾಳಿ, ಮಧ್ಯವರ್ತಿ, ಯಾವ ಹೆಸರಿನಿಂದ ಕರೆದರೂ ಸರಿ.

"ಯಾವುದೇ ಮಾಧ್ಯಮ" ಅನ್ನೋ ಮಾತನ್ನು ಗಮನಿಸಿ. ವಾಟ್ಸಾಪ್ ಸ್ಟೇಟಸ್ ಮಾಧ್ಯಮವೇ. ಇನ್‌ಸ್ಟಾಗ್ರಾಂ ರೀಲ್ ಮಾಧ್ಯಮವೇ. ಊರ ಗ್ರೂಪಿನಲ್ಲಿ "ಆಸಕ್ತರು ಫೋನ್ ಮಾಡಿ" ಅಂತ ನಿಮ್ಮ ನಂಬರ್ ಹಾಕೋದೂ ಅಷ್ಟೇ.

ಪ್ರವರ್ತಕ, ಅಂದರೆ ಲೇಔಟ್ ಮಾಡಿದವನು, ಯೋಜನಾ ಪ್ರದೇಶದಲ್ಲಿ ಮಾರೋ ರೇರಾ ನೋಂದಣಿಯ ಲೇಔಟಿನ ಸೈಟನ್ನು ಇನ್ನೊಬ್ಬರು ಮಾರಿಸಬೇಕು ಅಂದ್ರೆ, ಅವರು ರೇರಾದಲ್ಲಿ ಏಜೆಂಟ್ ಆಗಿ ನೋಂದಣಿ ಮಾಡಿಸಿರಲೇಬೇಕು. ಹುಬ್ಬಳ್ಳಿ-ಧಾರವಾಡ, ದಾವಣಗೆರೆ-ಹರಿಹರ, ಶಿವಮೊಗ್ಗದ ಸುತ್ತ ಇಂಥ ಯೋಜನಾ ಪ್ರದೇಶಗಳಿವೆ. ನಮ್ಮ ಕಡೆ ಹುಡುಗರಿಗೆ ಬರೋ ಫೋಟೊಗಳಲ್ಲಿ ಹೆಚ್ಚಿನವು ಇವೇ ಊರುಗಳ ಲೇಔಟಿನವು. ನೋಂದಣಿ ಇಲ್ಲದೆ ಮಾರಿಸಿದರೆ ದಂಡ ದಿನಕ್ಕೆ 10,000 ರೂಪಾಯಿ. ಸೈಟಿನ ಬೆಲೆಯ ನೂರಕ್ಕೆ 5ರವರೆಗೆ ಅದು ಬೆಳೀಬಹುದು. 10 ಲಕ್ಷದ ಸೈಟ್ ಅಂದ್ರೆ 50,000 ರೂಪಾಯಿ, ಐದೇ ದಿನದಲ್ಲಿ ಅಷ್ಟಾಗುತ್ತೆ. ನಿಮಗೆ ಕೊಡ್ತೀನಿ ಅಂದ ಕಮಿಷನ್ ಎಷ್ಟಿತ್ತು, ಒಮ್ಮೆ ನೆನಪು ಮಾಡ್ಕೊಳ್ಳಿ.

ಇನ್ನೂ ಒಂದಿದೆ. ಲೇಔಟೇ ರೇರಾದಲ್ಲಿ ನೋಂದಣಿ ಆಗಿಲ್ಲ, ಆದ್ರೆ ಆಗಬೇಕಿತ್ತು ಅನ್ನೋ ಹಾಗಿದ್ದರೆ? ಅಂಥದ್ದನ್ನು ಲೈಸೆನ್ಸ್ ಇರೋ ಏಜೆಂಟೂ ಮಾರಿಸೋ ಹಾಗಿಲ್ಲ. ಅದಕ್ಕೂ ಇದೇ ದಂಡ. ಒಟ್ಟು ಜಾಗ 500 ಚದರ ಮೀಟರ್ ಒಳಗಿದ್ದರೆ, ಅಂದ್ರೆ ಸುಮಾರು 5 ಗುಂಟೆ, ನೋಂದಣಿ ಬೇಡ. ಅದಕ್ಕಿಂತ ದೊಡ್ಡದಾಗಿದ್ದು, ಯೋಜನಾ ಪ್ರದೇಶದಲ್ಲಿದ್ದರೆ ಬೇಕು. "ಅರ್ಜಿ ಹಾಕೀವಿ, ನಂಬರ್ ಬರೋದೈತಿ, ಈಗ್ಲೇ ಬುಕಿಂಗ್ ತಗೊಳ್ಳಾಕತ್ತೀವಿ" ಅನ್ನೋದು ಬಹಳ ಹಳೆ ಮಾತು. ನಂಬರ್ ಬರೋ ಮುಂಚೆ ಜಾಹೀರಾತು ಹಾಕೋದೇ ತಪ್ಪು, ಬುಕಿಂಗ್ ತಗೊಳ್ಳೋದಂತೂ ದೂರದ ಮಾತು.

ಪರೀಕ್ಷೆ ಮಾಡೋದು ಕಷ್ಟವಿಲ್ಲ, ಫೋನ್ ಕೈಯಲ್ಲೇ ಇದೆಯಲ್ಲ. ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಯೋಜನೆ ಹೆಸರು ಹಾಕಿದರೂ ಸಿಗುತ್ತೆ, ಏಜೆಂಟ್ ಹೆಸರು ಹಾಕಿದರೂ ಸಿಗುತ್ತೆ. ಕರ್ನಾಟಕದ ನಂಬರುಗಳು "ಪಿಆರ್‌ಎಂ/ಕೆಎ/ರೇರಾ" ಅಂತ ಶುರುವಾಗ್ತವೆ. ನಂಬರಿನ ನಡುವೆ "ಪಿಆರ್" ಅಂತ ಇದ್ದರೆ ಅದು ಯೋಜನೆಯದು, "ಎಜಿ" ಅಂತ ಇದ್ದರೆ ಏಜೆಂಟಿನದು. ಯೋಜನೆಯ ನಂಬರ್ ತೋರಿಸಿ "ನೋಡು, ನನ್ನದು ರೇರಾ ಆಗೈತಿ" ಅನ್ನೋ ದಲ್ಲಾಳಿಗಳಿದ್ದಾರೆ. ಅದು ಲೇಔಟಿನ ನಂಬರ್, ಅವರದ್ದಲ್ಲ. ಏಜೆಂಟ್ ಮಾಡಿಸಿದ ಪ್ರತಿ ಮಾರಾಟದಲ್ಲೂ ಅವರ ಸ್ವಂತ ನಂಬರ್ ಬರೀಬೇಕು ಅಂತ ಕಾನೂನು ಹೇಳುತ್ತೆ.

ಹಂಗಾದ್ರೆ ಸಹಾಯಕ ಅಂತ ಒಬ್ಬ ಇರೋಕೇ ಆಗಲ್ವಾ?

ಇರಬಹುದು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಇದಕ್ಕೊಂದು ಗೆರೆ ಹಾಕಿದ್ದಾರೆ. ಲೈಸೆನ್ಸ್ ಇರೋ ಏಜೆಂಟಿನ ಹತ್ತಿರ ಲೈಸೆನ್ಸ್ ಇಲ್ಲದ ಸಹಾಯಕ ಕೆಲಸ ಮಾಡಬಹುದು. ಫೋನ್ ಎತ್ತಬಹುದು, ಕಾಗದ ಜೋಡಿಸಬಹುದು, ಬೋರ್ಡ್ ನೆಡಬಹುದು, ಭೇಟಿಯ ಸಮಯ ಗೊತ್ತು ಮಾಡಬಹುದು. ರೇಟಿನ ಮಾತು, ಷರತ್ತಿನ ಮಾತು ಅವನು ಆಡೋ ಹಾಗಿಲ್ಲ. ಯಾವ ಕೆಲಸ ಎಲ್ಲಿವರೆಗೆ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬದಲಾಗುತ್ತೆ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ ಮಾಡಿತು.

ನಮ್ಮ ರೇರಾ ಕಾನೂನಿನಲ್ಲಿ "ಸಹಾಯಕ" ಅನ್ನೋ ಬೇರೆ ಖಾನೆಯೇ ಇಲ್ಲ. ಅದಕ್ಕೇ ಆ ಅಮೆರಿಕದ ಗೆರೆಯನ್ನು ನಾವೇ ಹಾಕ್ಕೊಂಡರೆ ಒಳ್ಳೇದು ಅಂತ ನನ್ನ ಲೆಕ್ಕ. ನೋಂದಣಿ ಇರೋ ಏಜೆಂಟಿನ ಆಫೀಸಿನಲ್ಲಿ ತಿಂಗಳ ಸಂಬಳಕ್ಕೆ ಇದ್ದೀರಿ, ಜೆರಾಕ್ಸ್ ಮಾಡಿಸ್ತೀರಿ, ಬಂದವರನ್ನು ಗಾಡಿಯಲ್ಲಿ ಸೈಟಿಗೆ ಕರ್ಕೊಂಡು ಹೋಗ್ತೀರಿ, ಅವರು ಕೊಟ್ಟ ಛಾಪಿಸಿದ ಕಾಗದವನ್ನೇ ಕೊಡ್ತೀರಿ, ರೇಟು ಕೇಳಿದರೆ "ಸಾಹೇಬ್ರನ್ನ ಕೇಳ್ರಿ" ಅಂತೀರಿ: ಇದು ನೌಕರಿ. ಅದೇ ನೀವು "ಸೈಟಿಗೆ ಇಷ್ಟು" ಅಂತ ಕಮಿಷನ್ ಮಾತಾಡ್ಕೊಂಡು, ನಿಮ್ಮ ಬಳಗದವರನ್ನು ಒಪ್ಪಿಸಿ, ರೇಟು ಇಳಿಸಿ ಕೊಡಿಸ್ತೀನಿ ಅಂತ ನಡುವೆ ನಿಂತರೆ ಅದು ಏಜೆಂಟ್ ಕೆಲಸ. ಇನ್ನೊಬ್ಬರ ಲೈಸೆನ್ಸ್ ನಿಮ್ಮ ಮೈ ಮುಚ್ಚುತ್ತೆ ಅಂತ ನಂಬಬೇಡಿ.

ನಿಜವಾಗಿಯೂ ಇದೇ ಉದ್ಯೋಗ ಮಾಡೋ ಮನಸ್ಸಿದ್ದರೆ ಫೀ ಕಟ್ಟಿ ನೋಂದಣಿ ಮಾಡಿಸಿ. ಒಬ್ಬ ವ್ಯಕ್ತಿಯಾಗಿಯೂ ಮಾಡಿಸಬಹುದು, ಕಂಪನಿ ಬೇಕಾಗಿಲ್ಲ. ಐದು ವರ್ಷ ನಡೆಯುತ್ತೆ, ಆಮೇಲೆ ನವೀಕರಿಸಬೇಕು. ತಪ್ಪು ಮಾಹಿತಿ ಕೊಡಬಾರದು, ಲೆಕ್ಕದ ಪುಸ್ತಕ ಇಡಬೇಕು, ಬುಕಿಂಗ್ ಹೊತ್ತಿಗೆ ಗಿರಾಕಿಗೆ ಸಿಗಬೇಕಾದ ಕಾಗದ ಸಿಗೋ ಹಾಗೆ ನೋಡ್ಕೋಬೇಕು.

ಹೊಲಕ್ಕೆ ಯಾವ ಲೈಸೆನ್ಸೂ ಇಲ್ಲ, ಅಲ್ಲೇ ಇರೋದು ತೊಂದರೆ

ಈಗ ನಮ್ಮ ನಿಜವಾದ ಸಂತೆಗೆ ಬರೋಣ. ಊರಲ್ಲಿ ಹೆಚ್ಚು ನಡೆಯೋದು ಹೊಲದ ವ್ಯಾಪಾರ. ಒಂದು ಹೊಲ, ಒಬ್ಬ ರೈತ ಮಾರ್ತಾನೆ, ಇನ್ನೊಬ್ಬ ಕೊಳ್ತಾನೆ. ಇದು ರೇರಾದ ಒಳಗೆ ಬರಲ್ಲ. ನಡುವೆ ನಿಂತ ದಲ್ಲಾಳಿಗೆ ರೇರಾ ನಂಬರ್ ಬೇಡ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಮಾಡಿ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹಂಗಾಗಿ ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲ ಕಡೆಯ ಹೊಲದ ಫೋಟೊ ಈಗ ಬೆಂಗಳೂರಿನ ಫೋನಿಗೂ ಹೋಗಬಹುದು. ಗಿರಾಕಿಗೆ ನಮ್ಮ ಊರು ಗೊತ್ತಿಲ್ಲ, ಮಾಲೀಕನಿಗೆ ಗಿರಾಕಿ ಗೊತ್ತಿಲ್ಲ. ಇಬ್ಬರೂ ನಂಬಿರೋದು ನಡುವಿನ ಹುಡುಗನನ್ನ.

ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಕಾನೂನೇ ಇಲ್ಲ ಅಂತ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆಂಟಿನ ಅಧಿಕಾರ, ಹೊಣೆ ಎಲ್ಲ ಬರೆದಿದೆ. ನೂರೈವತ್ತು ವರ್ಷ ದಾಟಿದ ಕಾನೂನು, ಆದ್ರೂ ನಮ್ಮ ಬಸ್ ಸ್ಟ್ಯಾಂಡ್ ಚಹಾದಂಗಡಿಯಲ್ಲಿ ನಡೆಯೋ ವ್ಯಾಪಾರಕ್ಕೆ ಸರಿಯಾಗಿ ಹೊಂದುತ್ತೆ. ಅದರ ಮೂಲ ಮಾತು ಇಷ್ಟೇ: ಮಾಲೀಕ ಎಷ್ಟು ಅಧಿಕಾರ ಕೊಟ್ಟಿದ್ದಾನೋ ಅಷ್ಟೇ ನಿಮ್ಮ ಅಧಿಕಾರ. "ಹೊಲಕ್ಕೆ ಗಿರಾಕಿ ನೋಡಪ್ಪ" ಅಂತ ಕಾಕಾ ಹೇಳಿದರೆ, ಗಿರಾಕಿ ನೋಡೋ ಅಧಿಕಾರ ಸಿಕ್ಕಿತು. ಹೊಲ ತೋರಿಸಬಹುದು, ಬಾಂದ ಎಲ್ಲಿದೆ, ಬೋರ್ ಎಲ್ಲಿದೆ ಅಂತ ಹೇಳಬಹುದು, ಇಬ್ಬರನ್ನೂ ಒಂದು ಕಡೆ ಕೂರಿಸಬಹುದು, ಉತಾರ ತೆಗೆಸಿಕೊಡಬಹುದು. ರೇಟು ಕಡೆಯದಾಗಿ ಹೇಳೋ ಅಧಿಕಾರ ಸಿಕ್ಕಿಲ್ಲ. ಸಂಚಕಾರ ತಗೊಳ್ಳೋ ಅಧಿಕಾರ ಸಿಕ್ಕಿಲ್ಲ. ಕಾಗದದ ಮೇಲೆ ಸಹಿ ಮಾಡೋ ಅಧಿಕಾರವಂತೂ ಇಲ್ಲವೇ ಇಲ್ಲ.

ಈ ಮೂರರಲ್ಲಿ ಹುಡುಗರು ಹೆಚ್ಚು ಸಿಕ್ಕಿಬೀಳೋದು ಸಂಚಕಾರದಲ್ಲಿ. ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಬೆಂಗಳೂರಿನ ಗಿರಾಕಿ ಭಾನುವಾರ ಬಂದು ಹೊಲ ನೋಡ್ತಾನೆ. ಇಷ್ಟ ಆಗುತ್ತೆ. ಮಾಲೀಕ ಕಾಕಾನ ಹತ್ತಿರ ಫೋನ್‌ಪೇ ಇಲ್ಲ. ಗಿರಾಕಿ ಹೇಳ್ತಾನೆ, "ಬೇರೆಯವರಿಗೆ ಕೊಡಬ್ಯಾಡ್ರಿ, ನಿಮ್ಮ ನಂಬರಿಗೇ 50,000 ಹಾಕ್ತೀನಿ, ಅವರಿಗೆ ಕೊಟ್ಟುಬಿಡಿ." ನೀವು ಕ್ಯೂಆರ್ ತೋರಿಸ್ತೀರಿ. ದುಡ್ಡು ಬಂತು. ಮರುದಿನ ಎಟಿಎಂನಿಂದ ತೆಗೆದು ಕಾಕಾನ ಕೈಗೆ ನಗದು ಕೊಡ್ತೀರಿ, ನಡುವೆ ನಿಮ್ಮ ಖರ್ಚಿಗೆ ಎರಡು ಸಾವಿರ ಇಟ್ಕೊಂಡಿರ್ತೀರಿ, ಅವರೇ ಇಟ್ಕೋ ಅಂದಿರ್ತಾರೆ. ತಿಂಗಳಾದ ಮೇಲೆ ಕಾಕಾನ ತಂಗಿ ಬಂದು "ನಂದೂ ಪಾಲೈತಿ" ಅಂತಾಳೆ, ವ್ಯಾಪಾರ ನಿಲ್ಲುತ್ತೆ. ಗಿರಾಕಿ ದುಡ್ಡು ವಾಪಸ್ ಕೇಳ್ತಾನೆ. ಕಾಕಾ ಆ ದುಡ್ಡನ್ನು ಆಗಲೇ ಸೊಸೈಟಿ ಸಾಲಕ್ಕೆ ಕಟ್ಟಿಬಿಟ್ಟಿರ್ತಾರೆ. ಗಿರಾಕಿಯ ಫೋನಿನಲ್ಲಿ ಇರೋ ದಾಖಲೆಯಲ್ಲಿ ಯಾರ ಹೆಸರಿದೆ? ನಿಮ್ಮದು. ಕಾಕಾಗೆ ನಗದು ಕೊಟ್ಟಿದ್ದಕ್ಕೆ ಏನು ದಾಖಲೆ ಇದೆ? ಏನೂ ಇಲ್ಲ. ಅವನು ಠಾಣೆಗೆ ಹೋದರೆ ಮೊದಲು ಕರೆ ಬರೋದು ನಿಮಗೇ. ವಂಚನೆ, ನಂಬಿಕೆ ದ್ರೋಹ ಅನ್ನೋ ಆರೋಪ ಸುಳ್ಳು ಅಂತ ತೋರಿಸೋದಕ್ಕೆ ಎಷ್ಟು ಸಲ ಠಾಣೆಗೆ ಅಲೆದಾಡಬೇಕೋ ಗೊತ್ತಿಲ್ಲ. ಒಂದು ರೂಪಾಯಿ ಮೋಸ ಮಾಡದೆಯೂ ಈ ಸ್ಥಿತಿ ಬರಬಹುದು.

ನೀವು ಮಾಡಬೇಕಿದ್ದದ್ದು ಸಣ್ಣ ಕೆಲಸ. ಕಾಕಾನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ತೆಗೆದು ಅವರ ಮುಂದೆಯೇ ಗಿರಾಕಿಗೆ ಕಳಿಸಿ, "ಇದಕ್ಕೇ ಹಾಕ್ರಿ" ಅನ್ನೋದು. ಗಿರಾಕಿಯ ಖಾತೆಯಿಂದ ಮಾಲೀಕರ ಖಾತೆಗೆ ನೇರ. ಆದಾಯ ತೆರಿಗೆ ಕಾನೂನೂ ಇದನ್ನೇ ಹೇಳುತ್ತೆ. ಸ್ಥಿರಾಸ್ತಿ ವ್ಯಾಪಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತಗೊಳ್ಳೋ ಹಾಗಿಲ್ಲ ಅಂತ 2015ರ ಜೂನ್‌ನಿಂದ ನಿಯಮ ಇದೆ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಡೋರು, ತಗೊಳ್ಳೋರು ಇಬ್ಬರಿಗೂ ಕೃಷಿ ಆದಾಯ ಇದ್ದು, ಇಬ್ಬರಿಗೂ ತೆರಿಗೆ ಬೀಳೋ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ. ಬೆಂಗಳೂರಿನ ನೌಕರಿಯವನು ಗಿರಾಕಿ ಆದರೆ ಆ ವಿನಾಯಿತಿ ಸಿಗಲ್ಲ.

ನಡುವಿನ ರೇಟು

ಇನ್ನೊಂದು ಕೆಲಸ ನಮ್ಮಲ್ಲಿ ಬಹಳ ಜನ ತಪ್ಪು ಅಂತ ತಿಳಿಯದೆ ಮಾಡ್ತಾರೆ. ಮಾಲೀಕ ಎಕರೆಗೆ 18 ಲಕ್ಷ ಅಂದ್ರೆ ಗಿರಾಕಿಗೆ 20 ಅನ್ನೋದು. ನಡುವಿನ ಎರಡು ಲಕ್ಷ ದಲ್ಲಾಳಿಗೆ. "ಅವ್ರಿಗೆ ಕೇಳಿದ್ದು ಸಿಕ್ತಲ್ಲ, ಉಳಿದಿದ್ದು ನನ್ನ ಜಾಣತನ" ಅಂತ ವಾದ.

ಕರಾರು ಕಾಯ್ದೆ ಪ್ರಕಾರ ಏಜೆಂಟ್ ಮಾಲೀಕನಿಗೆ ತಿಳಿಸದೆ ತನ್ನ ಲೆಕ್ಕದಲ್ಲಿ ವ್ಯವಹಾರ ಮಾಡಿದರೆ, ಅದರಲ್ಲಿ ಬಂದ ಲಾಭವನ್ನು ಮಾಲೀಕ ಕೇಳಬಹುದು. ತನ್ನ ಕೆಲಸದಲ್ಲೇ ದುರ್ನಡತೆ ಮಾಡಿದ ಏಜೆಂಟಿಗೆ ಆ ಕೆಲಸದ ಸಂಭಾವನೆ ಕೇಳೋ ಹಕ್ಕೂ ಇರಲ್ಲ. ಅಂದ್ರೆ ಎರಡು ಲಕ್ಷವೂ ಹೋಗಬಹುದು, ಕಮಿಷನ್ನೂ ಹೋಗಬಹುದು. ಕಾನೂನು ಬಿಡಿ, ಖರೀದಿ ಪತ್ರ ಓದಿ ಹೇಳೋ ದಿನ ರೇಟು ಇಬ್ಬರಿಗೂ ಗೊತ್ತಾಗೇ ಆಗುತ್ತೆ. ಅವತ್ತಿನಿಂದ ಕಾಕಾನ ಮನೆ ಕಡೆ ಹೋಗೋ ದಾರಿ ಬದಲಾಯಿಸಬೇಕಾಗುತ್ತೆ. ನಮ್ಮದು ಅಂಥ ದೊಡ್ಡ ಊರಲ್ಲ.

ಕಮಿಷನ್ ತಗೊಳ್ಳೋದು ತಪ್ಪಲ್ಲ. ನೂರಕ್ಕೆ ಒಂದೋ ಎರಡೋ, ಯಾರು ಕೊಡಬೇಕು, ಯಾವಾಗ ಕೊಡಬೇಕು ಅಂತ ಮೊದಲೇ ಮಾತಾಡಿ. ಬೇರೆ ಕರಾರು ಇಲ್ಲದಿದ್ದರೆ ಕೆಲಸ ಪೂರ್ತಿ ಆದ ಮೇಲೆಯೇ ಏಜೆಂಟಿನ ಹಣ ಬಾಕಿ ಅನ್ನಿಸಿಕೊಳ್ಳೋದು. ಸಂಚಕಾರ ಆದ ದಿನವೇ ಕಮಿಷನ್ ಕೇಳೋದಾದರೆ ಅದನ್ನು ಮುಂಚೆಯೇ ಬರೆಸ್ಕೊಂಡಿರಬೇಕು.

ದೊಡ್ಡ ದಲ್ಲಾಳಿಯ ಕೆಳಗಿನ ಹುಡುಗರಿಗೆ ಒಂದು ಮಾತು. ಮಾಲೀಕ ತನ್ನ ಕೆಲಸ ಒಬ್ಬನಿಗೆ ವಹಿಸಿದ್ದನ್ನು ಆತ ಸುಮ್ಮನೆ ಇನ್ನೊಬ್ಬನಿಗೆ ದಾಟಿಸೋ ಹಾಗಿಲ್ಲ, ಆ ವ್ಯಾಪಾರದ ರೂಢಿಯಲ್ಲಿ ಇದ್ದರೆ ಅಥವಾ ಕೆಲಸವೇ ಹಾಗೆ ಕೇಳಿದರೆ ಮಾತ್ರ ದಾಟಿಸಬಹುದು. ನಿಮ್ಮನ್ನು ಮಾಲೀಕರಿಗೆ ಗೊತ್ತಿಲ್ಲದೆ ಇಟ್ಕೊಂಡಿದ್ದರೆ, ನಿಮ್ಮ ಮಾತಿಗೆ ಮಾಲೀಕ ಹೊಣೆ ಅಲ್ಲ, ಆ ದಲ್ಲಾಳಿ ಹೊಣೆ. ಇಲ್ಲದ ಅಧಿಕಾರವನ್ನು ಇದೆ ಅಂತ ಹೇಳಿ ಗಿರಾಕಿಗೆ ನಷ್ಟ ಆದರೆ, ತುಂಬಿಕೊಡಬೇಕಾದವರು ನೀವು. ಅದಕ್ಕೇ ಮೊದಲ ದಿನವೇ ಮಾಲೀಕರ ಮನೆಗೆ ಹೋಗಿ ಮುಖ ತೋರಿಸಿ. "ಕಾಕಾ, ನಿಮ್ಮ ಹೊಲದ ಫೋಟೊ ಹಾಕಾಕ ಹೇಳ್ಯಾರ, ನಿಮಗ ಒಪ್ಪಿಗಿ ಐತೇನ್ರಿ?" ಬಹಳ ಸಲ "ಯಾವ ಹೊಲ? ನಾನು ಮಾರ್ತೀನಿ ಅಂತ ಯಾರು ಹೇಳಿದ್ರು?" ಅಂತಲೇ ಉತ್ತರ ಬರುತ್ತೆ. ಆಗ ಅಲ್ಲಿಗೇ ಮುಗೀತು, ಫೋಟೊ ಅಳಿಸಿ ಮನೆಗೆ ಬನ್ನಿ.

"ಕಾಗದ ಎಲ್ಲ ಕ್ಲಿಯರ್ ಐತಿ" ಅನ್ನೋ ಮಾತು

ಇದೊಂದು ಮಾತನ್ನು ನಿಮ್ಮ ಬಾಯಿಂದ ತೆಗೆದುಹಾಕಿ. ಕಾಗದ ಕ್ಲಿಯರ್ ಇದೆಯೋ ಇಲ್ಲವೋ ಹೇಳೋದು ವಕೀಲರ ಕೆಲಸ. ನೀವು ಕಾಗದ ತೋರಿಸಬಹುದು, ಎಲ್ಲಿ ಸಿಗುತ್ತೆ ಅಂತ ಹೇಳಬಹುದು. ಅದರ ಅರ್ಥ ಹೇಳಿ ಭರವಸೆ ಕೊಡಬಾರದು. ಆದರೂ ಫೋಟೊ ಹಂಚೋ ಮುಂಚೆ ನಿಮ್ಮ ಸ್ವಂತ ರಕ್ಷಣೆಗೆ ಕೆಲವು ನೋಡ್ಕೊಳ್ಳಿ.

ಭೂಮಿ ತಂತ್ರಾಂಶದ ಉತಾರದಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಬ್ಯಾಂಕಿನದ್ದೋ ಸೊಸೈಟಿಯದ್ದೋ ಬೋಜಾ ಇದೆಯಾ ನೋಡಿ. ಉತಾರದಲ್ಲಿ ಮೂರು ಹೆಸರಿದ್ದು ಒಬ್ಬರು ಮಾತ್ರ ಮಾರ್ತೀನಿ ಅಂದ್ರೆ, ಉಳಿದಿಬ್ಬರ ಬಾಯಿಂದ ಕೇಳೋವರೆಗೂ ನಿಲ್ಲಿ. ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಬಹುದು, ಹಿಂದೆ ನೋಂದಣಿಯಾದ ಮಾರಾಟ, ಅಡಮಾನ ಅದರಲ್ಲಿ ಬರುತ್ತೆ. ದಿಶಾಂಕ್ ಆ್ಯಪ್‌ನಲ್ಲಿ ಹೊಲದಲ್ಲಿ ನಿಂತು ಸರ್ವೆ ನಂಬರ್ ನೋಡಬಹುದು. ಅದು ಅಂದಾಜಿಗೆ ಮಾತ್ರ, ಅದನ್ನಿಟ್ಕೊಂಡು ಬಾಂದದ ಜಗಳ ಬಗೆಹರಿಸೋಕೆ ಹೋಗಬೇಡಿ. ಹೊಲದ ಒಂದು ಭಾಗ ಮಾತ್ರ ಮಾರೋದಾದರೆ 11ಇ ನಕ್ಷೆ ಬೇಕು. ಅದನ್ನು ಸರ್ಕಾರಿ ಭೂಮಾಪಕರೋ ಪರವಾನಗಿ ಇರೋ ಭೂಮಾಪಕರೋ ಮಾಡ್ತಾರೆ. ನೀವು ಹಗ್ಗ ಹಿಡಿದು ಅಳೆದು ತೋರಿಸಿದ್ದು ಲೆಕ್ಕಕ್ಕಿಲ್ಲ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ದಲ್ಲಾಳಿಗಳು ಬಹಳ ಹಗುರವಾಗಿ ಮಾತಾಡ್ತಾರೆ. "ಅವ್ರು ಮದ್ವಿ ಆಗಿ ಹೋಗ್ಯಾರ, ಅವರ ಸಹಿ ಯಾಕ ಬೇಕು?" ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಮಗಳಿಗೂ ಹಕ್ಕಿದೆ ಅಂತ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತೆ. 2005ಕ್ಕೆ ಮುಂಚೆ ತಂದೆ ತೀರಿಕೊಂಡಿದ್ದರೂ ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಮೇಲೆ ಹೇಳಿದ ಕಾಕಾನ ತಂಗಿ ಜಗಳಗಂಟಿ ಏನಲ್ಲ, ತನ್ನದನ್ನು ತಾನು ಕೇಳಿದಳು ಅಷ್ಟೇ. ಮೊದಲೇ ಅವಳ ಹತ್ತಿರ ಹೋಗಿದ್ದರೆ ಯಾರ ದುಡ್ಡೂ ಸಿಕ್ಕಿಹಾಕ್ಕೊಳ್ತಿರಲಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಆದರೆ, ಪಿಟಿಸಿಎಲ್ ಅಂತ ಕರೆಯೋ 1978ರ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗಿಲ್ಲ. ಮಾರಿದ್ದರೆ ಆ ಜಮೀನು ಮೂಲದವರಿಗೆ ವಾಪಸ್ ಹೋಗಬಹುದು. 2023ರ ತಿದ್ದುಪಡಿ ಪ್ರಕಾರ, ಹಾಗೆ ವಾಪಸ್ ಕೇಳೋದಕ್ಕೆ ಕಾಲಮಿತಿ ಇಲ್ಲ. ಇಂಥ ಹೊಲ ಅಂತ ಅನುಮಾನ ಬಂದರೆ ಅದನ್ನು ಹಂಚಲೇಬೇಡಿ. ಕೊಂಡವನೂ ಕೆಡ್ತಾನೆ, ಮಾರಿದ ಬಡವನೂ ಕೋರ್ಟು ಸುತ್ತುತ್ತಾನೆ.

ಎನ್‌ಎ ಆಗದ ಹೊಲವನ್ನೇ ಸುಣ್ಣ ಹಾಕಿ ಗುಂಟೆ ಲೆಕ್ಕದಲ್ಲಿ ಸೈಟ್ ಅಂತ ಮಾರೋದೂ ಇದೆ. ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ, ಲೇಔಟಿಗೆ ಮಂಜೂರಾತಿ, ಗ್ರಾಮ ಪಂಚಾಯತಿ ಜಾಗ ಆದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಇವು ಇಲ್ಲದ "ಸೈಟ್" ಫೋಟೊ ನಿಮ್ಮ ಸ್ಟೇಟಸ್‌ನಲ್ಲಿ ಇರಬಾರದು.

ಜಿಪಿಎ ಕೈಯಲ್ಲಿದೆ ಅಂತ ಬರೋರು

"ವಟಮುಖತ್ಯಾರ ಪತ್ರ ನನ್ನ ಹೆಸರಿಗೈತಿ, ನಾನೇ ಮಾಲೀಕ ಇದ್ದಂಗ" ಅಂತ ಯಾರಾದರೂ ಹೇಳಿದರೆ, ಅವರು ಮಾಲೀಕರಲ್ಲ. ಮಾಲೀಕರ ಪರವಾಗಿ ಕೆಲಸ ಮಾಡೋರು ಅಷ್ಟೇ. ಜಿಪಿಎ ಮೂಲಕ ಒಡೆತನ ವರ್ಗ ಆಗಲ್ಲ, ನೋಂದಣಿಯಾದ ಖರೀದಿ ಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಪತ್ರ ಕೊಟ್ಟವರು ಬದುಕಿದ್ದಾರಾ, ಅದನ್ನು ರದ್ದು ಮಾಡಿದ್ದಾರಾ ಅಂತ ಕೇಳಿ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ಮುಗೀತದೆ.

ನೀವೇ ಯಾರದಾದರೂ ಜಿಪಿಎ ತಗೊಳ್ಳೋ ಸಂದರ್ಭ ಬಂದರೆ, ನನ್ನ ಸಲಹೆ ಬೇಡ ಅಂತಲೇ. ಓದು ಬರದ ಹಿರಿಯರಿಂದ ಹೆಬ್ಬೆಟ್ಟು ಒತ್ತಿಸ್ಕೊಂಡ ಪತ್ರ ಮುಂದೆ ಅವರ ಮಕ್ಕಳ ಮುಂದೆ ನಿಲ್ಲಲ್ಲ. ಖಾಲಿ ಛಾಪಾ ಕಾಗದದ ಮೇಲೆ ಸಹಿ ಹಾಕಿಸ್ಕೊಂಡು ಇಟ್ಕೊಳ್ಳೋದಂತೂ ಮಾಡಲೇಬಾರದು, ದೊಡ್ಡ ದಲ್ಲಾಳಿ ಎಷ್ಟೇ ಒತ್ತಾಯ ಮಾಡಿದರೂ.

ಈಗಾಗಲೇ ಒಳಗೆ ಇಳಿದಿದ್ದರೆ

ಕೆಲವರು ಇದನ್ನು ಓದೋ ಹೊತ್ತಿಗೆ ನಾಲ್ಕೈದು ಫೋಟೊ ಹಾಕಿ ಆಗಿರುತ್ತೆ. ಗಾಬರಿ ಬೇಡ. ರೇರಾ ನಂಬರ್ ಇಲ್ಲದ ಲೇಔಟಿನ ಫೋಟೊ, ರೀಲ್ ಇವತ್ತೇ ತೆಗೀರಿ. ನಂಬರ್ ಇರೋದಾದರೆ, ಕೇಳಿದವರಿಗೆ ನೋಂದಣಿ ಇರೋ ಏಜೆಂಟಿನ ಇಲ್ಲವೇ ಲೇಔಟ್ ಆಫೀಸಿನ ನಂಬರ್ ಕೊಟ್ಟು, ಕಮಿಷನ್ ಆಸೆ ಬಿಟ್ಟು ಸರಿದುಬಿಡಿ. ಯಾರದಾದರೂ ಮುಂಗಡ ನಿಮ್ಮ ಖಾತೆಯಲ್ಲಿ ಇದ್ದರೆ ನಗದು ತೆಗೀಬೇಡಿ. ಬಂದ ಖಾತೆಗೇ ವಾಪಸ್ ಹಾಕಿ, "ಇಂಥ ದಿನ ಬಂದ ಹಣ ಇವತ್ತು ಹಿಂದಿರುಗಿಸಿದೆ" ಅಂತ ಒಂದು ಮೆಸೇಜ್ ಕಳಿಸಿ. ಗಿರಾಕಿ, ಮಾಲೀಕ, ದಲ್ಲಾಳಿ ಜೊತೆಗಿನ ಚಾಟ್ ಅಳಿಸಬೇಡಿ. ಮುಂದೆ ಯಾರಾದರೂ ಕೇಳಿದರೆ ನಿಮ್ಮ ಪರ ಮಾತಾಡೋದು ಅದೊಂದೇ.

ಸೈಟ್ ಕೊಂಡು ಮೋಸ ಹೋದ ಗೆಳೆಯರಿದ್ದರೆ ರೇರಾದಲ್ಲಿ ಆನ್‌ಲೈನ್ ದೂರು ಕೊಡೋ ದಾರಿ ಇದೆ ಅಂತ ಹೇಳಿ. ನೋಂದಾಯಿತ ಕರಾರು ಪತ್ರ ಮಾಡಿಕೊಡದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡವನ್ನು ಲೇಔಟಿನವರು ತಗೊಳ್ಳೋ ಹಾಗಿಲ್ಲ, ಅದನ್ನೂ ತಿಳಿಸಿ. ಬಹಳ ಜನರಿಗೆ ಗೊತ್ತಿಲ್ಲ.

ಹೊಲದ ವ್ಯಾಪಾರದಲ್ಲಿ ಗಿರಾಕಿ ತೋರಿಸೋ ಕೆಲಸ ಮುಂದುವರಿಸ್ತೀನಿ ಅನ್ನೋರು, ಮಾಲೀಕರಿಂದ ಒಂದು ಚೀಟಿ ಬರೆಸ್ಕೊಳ್ಳಿ. ದೊಡ್ಡ ಭಾಷೆ ಬೇಡ. ಬಿಳಿ ಹಾಳೆಯ ಮೇಲೆ ಮಾಲೀಕರೇ ಓದಿ, ಇಲ್ಲವೇ ಅವರ ಮನೆಯವರು ಓದಿ ಹೇಳಿ, ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಕೊಂಡರೆ ಆಯ್ತು. ಹೀಗೆ ಬರೀಬಹುದು:

"ನಾನು ............ ಗ್ರಾಮದ ............, ನನ್ನ ಸರ್ವೆ ನಂಬರ್ ...... ರ ...... ಎಕರೆ ...... ಗುಂಟೆ ಹೊಲವನ್ನು ಮಾರಬೇಕೆಂದಿದ್ದು, ಗಿರಾಕಿ ತೋರಿಸಲು ಹಾಗೂ ಹೊಲದ ಫೋಟೊ ಹಂಚಲು ............ ಇವರಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಈ ಹೊಲದಲ್ಲಿ ಹಕ್ಕುಳ್ಳವರು: ............. ದರ ಅಂತಿಮ ಮಾಡುವ, ಸಂಚಕಾರ ಪಡೆಯುವ, ನನ್ನ ಪರ ಸಹಿ ಮಾಡುವ ಅಧಿಕಾರ ಕೊಟ್ಟಿಲ್ಲ. ಹಣವೆಲ್ಲ ನನ್ನ ಬ್ಯಾಂಕ್ ಖಾತೆಗೇ ಬರಬೇಕು. ಇವರು ತೋರಿಸಿದ ಗಿರಾಕಿಗೆ ಖರೀದಿ ಪತ್ರ ನೋಂದಣಿಯಾದ ದಿನ ಇವರಿಗೆ ............ ರೂಪಾಯಿ ಕೊಡುತ್ತೇನೆ. ಈ ಒಪ್ಪಿಗೆ ದಿನಾಂಕ ............ ರವರೆಗೆ ಮಾತ್ರ."